ಮೊದಲ ಗುಡುಗಿಗೇ ಮನೆ ಸೇರಿಕೊಳ್ಳಿ

ರಾಯಚೂರು, ಕಲಬುರಗಿ ಕಡೆ 42 ಡಿಗ್ರಿ ಬಿಸಿಲಲ್ಲಿ ಬೆಂದವರಿಗೆ ಭರಣಿ ಮಳೆಯ ತಂಗಾಳಿ ಬೀಸಿತೆಂದರೆ ಹೋದ ಜೀವ ಬಂದಂತೆ. ಮಣ್ಣಿನ ವಾಸನೆಗೆ ಮಕ್ಕಳು ಅಂಗಳಕ್ಕೆ ಓಡುತ್ತವೆ. ಆದರೆ ದಿನವಿಡೀ ಕಾದ ನೆಲದ ಬಿಸಿಗಾಳಿ ತೇವ ಹೊತ್ತು ಮೇಲೇರಿಯೇ ಸಿಡಿಲಿನ ಮೋಡ ಕಟ್ಟುವುದು. ಅದಕ್ಕೇ ಈ ಮಳೆ ಹೆಚ್ಚಾಗಿ ಮಧ್ಯಾಹ್ನ ಇಳಿದ ಮೇಲೆ, ಜನ ಇನ್ನೂ ಹೊಲದಲ್ಲಿರುವಾಗಲೇ ಬರುತ್ತದೆ.

ನಾಲ್ಕು ಹನಿ ಬಿದ್ದೊಡನೆ ಕುರಿಗಾಹಿ ಕಂಬಳಿ ಕೊಪ್ಪೆ ಹಾಕಿಕೊಂಡು ಬೇವಿನ ಮರದ ಬುಡ ಸೇರುತ್ತಾನೆ. ಕುರಿಗಳೂ ಅವನ ಕಾಲಿಗೇ ಒತ್ತಿಕೊಳ್ಳುತ್ತವೆ. ಬೇಡಪ್ಪಾ, ಅಲ್ಲಿ ನಿಲ್ಲಬೇಡ. ಒಂಟಿ ಮರಕ್ಕೆ ಬಡಿದ ಸಿಡಿಲು ಕಾಂಡದಿಂದ ಪಕ್ಕದವರ ಮೈಗೆ ಹಾರುತ್ತದೆ, ನೆಲದಲ್ಲೂ ಹರಿಯುತ್ತದೆ. ನೆನೆದ ಕಂಬಳಿ ನಾಳೆ ಒಣಗೀತು.

ಮಿಂಚಿದ 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು ಸುಮಾರು 10 ಕಿಲೋಮೀಟರ್ ಒಳಗೇ ಇದೆ. ಪಕ್ಕಾ ಮನೆಯೋ, ಗಾಜು ಏರಿಸಿದ ಕಾರೋ ಸೇರಿಕೊಳ್ಳಿ. ಕೊನೆಯ ಗುಡುಗಿನ ಮೇಲೂ 30 ನಿಮಿಷ ಹೊರಗೆ ಬರಬೇಡಿ.

ಸಿಡಿಲು ಬಡಿದವರನ್ನು ಮುಟ್ಟಲು ಹೆದರಬೇಡಿ, ಅವರ ಮೈಯಲ್ಲಿ ಕರೆಂಟ್ ಉಳಿದಿರುವುದಿಲ್ಲ. ಉಸಿರು ನಿಂತಿದ್ದರೆ ಎದೆಯ ನಡುವೆ ಜೋರಾಗಿ, ಬಿಡದೆ ಒತ್ತುತ್ತಿರಿ. ಜತೆಗಿದ್ದವರು 108ಕ್ಕೆ ಫೋನ್ ಮಾಡಲಿ.