ಆಯಿಲ್ ಕುಡಿಯುವ ಎಂಜಿನ್: ಬಿಚ್ಚಿಸಲೇ, ಬದಲಿಸಲೇ?

ಪ್ರಶ್ನೆ: ನನ್ನದು ಹನ್ನೊಂದು ವರ್ಷದ ಪೆಟ್ರೋಲ್ ಕಾರು, 1.4 ಲಕ್ಷ ಕಿ.ಮೀ. ಓಡಿದೆ. ಈಗೀಗ ಸಾವಿರ ಕಿ.ಮೀ.ಗೆ ಮುಕ್ಕಾಲು ಲೀಟರ್ ಆಯಿಲ್ ಹಾಕಬೇಕಾಗಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ, ಚಾರ್ಮಾಡಿ ಘಾಟಿ ಇಳಿದು ಮತ್ತೆ ಆಕ್ಸಿಲರೇಟರ್ ಒತ್ತಿದಾಗ ನೀಲಿ ಹೊಗೆ ಬರುತ್ತದೆ. ಒಬ್ಬ ಮೆಕ್ಯಾನಿಕ್ ಬೋರ್ ಮಾಡಿಸಿ ಎನ್ನುತ್ತಾರೆ, ಇನ್ನೊಬ್ಬರು ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ಎಂಜಿನ್ ತರಿಸೋಣ ಎನ್ನುತ್ತಾರೆ. ಯಾವುದು ಸರಿ?

— ಚಿಕ್ಕಮಗಳೂರಿನ ಓದುಗರು

ಉತ್ತರ: ಸದ್ಯಕ್ಕೆ ಎರಡೂ ಬೇಡ. ನೀವು ಹೇಳಿದ ಹೊಗೆಯ ಹೊತ್ತೇ ಅರ್ಧ ಉತ್ತರ ಕೊಡುತ್ತಿದೆ. ರಾತ್ರಿಯಿಡೀ ನಿಂತ ಕಾರಿನಲ್ಲಿ ಮೇಲಿನ ಆಯಿಲ್ ವಾಲ್ವ್ ಕಾಂಡದ ಗುಂಟ ಸಿಲಿಂಡರಿಗೆ ಜಿನುಗುತ್ತದೆ. ಘಾಟಿಯಲ್ಲಿ ಗೇರಿನ ಹಿಡಿತದಲ್ಲೇ ಇಳಿಯುವಾಗ ಥ್ರಾಟಲ್ ಮುಚ್ಚಿರುವುದರಿಂದ ಒಳಗಿನ ನಿರ್ವಾತ ಅದನ್ನು ಇನ್ನೂ ಜೋರಾಗಿ ಎಳೆಯುತ್ತದೆ. ಕೆಳಗೆ ಬಂದು ಆಕ್ಸಿಲರೇಟರ್ ಒತ್ತಿದೊಡನೆ ಅಷ್ಟೂ ಉರಿದು ಹಿಂದೆ ನೀಲಿ ಮೋಡ. ಇದು ಒಣಗಿ ಗಟ್ಟಿಯಾದ ವಾಲ್ವ್ ಸೀಲಿನ ಲಕ್ಷಣ. ರಿಂಗು, ಬೋರು ಸವೆದಿದ್ದರೆ ಘಾಟಿ ಹತ್ತುವಾಗಲೂ ಹೊಗೆ ಬಿಡಬೇಕಿತ್ತು. ಅನೇಕ ಎಂಜಿನ್‌ಗಳಲ್ಲಿ ಸ್ಪಾರ್ಕ್ ಪ್ಲಗ್ ತೂತಿನಿಂದ ಗಾಳಿಯ ಒತ್ತಡ ಕೊಟ್ಟು ವಾಲ್ವ್‌ಗಳನ್ನು ಹಿಡಿದಿಟ್ಟು, ಹೆಡ್ ಇಳಿಸದೆಯೇ ಸೀಲು ಬದಲಿಸಬಹುದು. ಎಂಜಿನ್ ತಳದ ಆವಿಯನ್ನು ಮತ್ತೆ ಸಿಲಿಂಡರಿನತ್ತ ಕಳಿಸುವ ಪಿಸಿವಿ ವಾಲ್ವನ್ನೂ ನೋಡಿಸಿ. ಅಗ್ಗದ ಬಿಡಿಭಾಗ, ಕಟ್ಟಿಕೊಂಡರೆ ಅದೇ ರೋಗ ಬರಿಸುತ್ತದೆ.

ಆದರೂ ಊಹೆಯ ಮೇಲೆ ದುಡ್ಡು ಹಾಕಬೇಡಿ. ಕಂಪ್ರೆಷನ್ ಪರೀಕ್ಷೆ ಮಾಡಿಸಿ. ಮೊದಲು ಹಾಗೆಯೇ, ಆಮೇಲೆ ಪ್ರತಿ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು. ಆಯಿಲ್ ಬಿಟ್ಟಾಗ ಅಂಕಿ ಜಿಗಿದರೆ ರಿಂಗು ಸೋತಿವೆ. ಜಿಗಿಯದೆ ಕಡಿಮೆಯೇ ಉಳಿದರೆ ವಾಲ್ವು ಸರಿಯಾಗಿ ಕೂರುತ್ತಿಲ್ಲ. ಒಂದು ಮೋಸವಿದೆ: ಅಂಕಿಗಳೆಲ್ಲ ಚೆನ್ನಾಗಿದ್ದೂ ಎಂಜಿನ್ ಆಯಿಲ್ ಕುಡಿಯಬಹುದು. ಪಿಸ್ಟನ್ನಿನ ಮೂರನೆಯ ರಿಂಗಿನ ಕೆಲಸ ಒತ್ತಡ ಹಿಡಿಯುವುದಲ್ಲ, ಗೋಡೆಯ ಆಯಿಲ್ ಹೆರೆದು ಕೆಳಗೆ ಕಳಿಸುವುದು. ಅದು ಇಂಗಾಲ ಕಟ್ಟಿ ಸಿಕ್ಕಿಕೊಂಡರೆ ಗೇಜಿಗೆ ಏನೂ ಗೊತ್ತಾಗುವುದಿಲ್ಲ.

ಅಮೆರಿಕದಲ್ಲಿ ಟೊಯೊಟಾದ 2.4 ಲೀಟರಿನ 2ಎಝಡ್-ಎಫ್‌ಇ ಎಂಜಿನ್‌ಗೆ ಆದದ್ದು ಹೆಚ್ಚುಕಡಿಮೆ ಇದೇ. 2007ರಿಂದ 2009ರವರೆಗಿನ ಮಾದರಿಯ ಕ್ಯಾಮ್ರಿಗಳು ಆಯಿಲ್ ಕುಡಿಯತೊಡಗಿದಾಗ ಕಂಪನಿ ಮೊದಲು ಮಾಡಿದ್ದು ಅಳತೆ: ಆಯಿಲ್ ಬದಲಿಸಿ 1,200 ಮೈಲಿ, ಅಂದರೆ ಸುಮಾರು 1,900 ಕಿ.ಮೀ. ಓಡಿಸಿ ನೋಡುವುದು. ಒಂದು ಕ್ವಾರ್ಟ್, ಎಂದರೆ ಲೀಟರಿಗೆ ತುಸು ಕಡಿಮೆ, ಇಳಿದಿದ್ದರೆ ಹೊಸ ಪಿಸ್ಟನ್ನು, ರಿಂಗು. ಇಡೀ ಎಂಜಿನ್ ಬದಲಿಸುವುದು ಅಲ್ಲಿ ವಾಡಿಕೆಯ ಪರಿಹಾರವಾಗಿರಲಿಲ್ಲ. ನೀವೂ ಡಿಪ್‌ಸ್ಟಿಕ್ ನೋಡಿ ಕಿಲೋಮೀಟರ್ ಬರೆದಿಡಿ. ಎರಡು ಸಾವಿರ ಕಿ.ಮೀ. ಲೆಕ್ಕ ಸಿಕ್ಕರೆ ಮೆಕ್ಯಾನಿಕ್ ಜತೆ ಮಾತಾಡುವ ಧಾಟಿಯೇ ಬೇರೆಯಾಗುತ್ತದೆ.

ನಿಜಕ್ಕೂ ರಿಂಗೇ ಹೋಗಿದ್ದರೆ? ಆಗ ನನ್ನ ಮತ ನಿಮ್ಮ ಎಂಜಿನ್ನಿಗೇ. ಅದರ ಜಾತಕ ನಿಮಗೆ ಗೊತ್ತು. ಶಿವಾಜಿನಗರದ ಗುಜರಿಯಿಂದ ಬರುವ ಎಂಜಿನ್ ಯಾವ ಅಪಘಾತದ ಕಾರಿನದೋ, ಎಷ್ಟು ಬಿಸಿಯೇರಿ ನಿಂತದ್ದೋ, ಮಾರುವವರಿಗೂ ತಿಳಿದಿರುವುದಿಲ್ಲ. ಆದರೆ ರಿಪೇರಿ ನಿಲ್ಲುವುದು ಲೇತ್‌ನವರ ಕೈಯಲ್ಲಿ. ಬೋರನ್ನು ಮೇಲೆ, ನಡುವೆ, ಕೆಳಗೆ, ಎರಡು ದಿಕ್ಕಿನಲ್ಲಿ ಅಳೆದು ಅಂಕಿ ಬರೆದುಕೊಡುವವರ ಬಳಿಗೇ ಹೋಗಿ. ಮೊಟ್ಟೆಯಾಕಾರಕ್ಕೆ ಸವೆದ ಬೋರಿಗೆ ಬರೀ ಹೊಸ ರಿಂಗ್ ಹಾಕಿಸಿದರೆ ಹೊಗೆ ಮತ್ತೆ ಬರುತ್ತದೆ. 0.25 ಅಥವಾ 0.50 ಮಿ.ಮೀ. ಓವರ್‌ಸೈಜ್ ಪಿಸ್ಟನ್ ಸಿಗುತ್ತದೆಯೇ ಎಂದು ಎಂಜಿನ್ ಬಿಚ್ಚುವ ಮೊದಲೇ ವಿಚಾರಿಸಿ. ಕೆಲವು ಹೊಸ ಎಂಜಿನ್‌ಗಳಿಗೆ ಮಾರುಕಟ್ಟೆಯಲ್ಲಿ ಸಿಗುವುದೇ ಇಲ್ಲ. ಬ್ಲಾಕ್ ಸೀಳಿದ್ದರೆ, ಕ್ರ್ಯಾಂಕ್ ಹಾಳಾಗಿದ್ದರೆ ಮಾತ್ರ ಗುಜರಿಯ ದಾರಿ. ಆಗ ಎಂಜಿನ್ನಿನ ಮೂಲ ದಾಖಲೆ ಕೇಳಿ ಪಡೆಯಿರಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ಆರ್‌ಟಿಒ ಒಪ್ಪಿಗೆ ಪಡೆದು ಆರ್‌ಸಿಯಲ್ಲಿ ಹೊಸ ನಂಬರ್ ಬರೆಸಬೇಕು. ಇಲ್ಲವಾದರೆ ಮಾರುವಾಗಲೋ ವಿಮೆ ಕೇಳುವಾಗಲೋ ಕುತ್ತಿಗೆಗೆ ಬರುತ್ತದೆ.

ಇನ್ನೊಂದು ದಾರಿಯನ್ನು ಗ್ಯಾರೇಜಿನವರು ಸಾಮಾನ್ಯವಾಗಿ ಹೇಳುವುದಿಲ್ಲ: ಆಯಿಲ್ ಹಾಕುತ್ತಾ ಓಡಿಸುವುದು. ವರ್ಷಕ್ಕೆ 8,000 ಕಿ.ಮೀ. ಓಡಿಸಿದರೆ ನಿಮ್ಮ ಕಾರು ಕುಡಿಯುವುದು ಆರು ಲೀಟರ್. ಸಾವಿರ ಕಿ.ಮೀ.ಗೆ ಒಂದು ಲೀಟರ್‌ವರೆಗೆ ಸಹಜ ಎನ್ನುವ ಕಂಪನಿಗಳೂ ಇವೆ. ಉರಿದ ಆಯಿಲಿನ ರಂಜಕ ಕ್ಯಾಟಲಿಟಿಕ್ ಕನ್ವರ್ಟರನ್ನು ನಿಧಾನಕ್ಕೆ ಕೆಡಿಸುತ್ತದೆ ನಿಜ, ಹೊಗೆ ತಪಾಸಣೆಯಲ್ಲಿ ಫೇಲಾದರೆ ಈ ದಾರಿ ಮುಚ್ಚಿತು. ಹದಿನೈದು ವರ್ಷಕ್ಕೆ ನೋಂದಣಿ ನವೀಕರಣ ಬರುತ್ತದೆ. ನಿಮಗಿರುವುದು ನಾಲ್ಕು ವರ್ಷ. ಮಲೆನಾಡಿನ ಮಳೆಗೆ ತಳ ತುಕ್ಕು ಹಿಡಿದಿದೆಯೇ ಎಂದು ಕಾರನ್ನು ಮೇಲೆತ್ತಿಸಿ ನೋಡಿ. ಹಿಡಿದಿದ್ದರೆ ಸೀಲು ಬದಲಿಸಿ ಸುಮ್ಮನಿರಿ, ಎಂಜಿನ್ ಕೆಲಸಕ್ಕೆ ಕೈ ಹಾಕಬೇಡಿ.

ಕಂಪ್ರೆಷನ್ ಅಂಕಿ ಬಂದ ಮೇಲೆ ಮತ್ತೊಮ್ಮೆ ಬರೆಯಿರಿ. ಎಲ್ಲ ಸಿಲಿಂಡರಿನದೂ, ಆಯಿಲ್ ಬಿಡುವ ಮೊದಲಿನದು, ಬಿಟ್ಟ ನಂತರದ್ದು ಎರಡೂ ಇರಲಿ.