ಕಾಯಿಲೆ ಒಂದು ಮೀನಿಗೆ, ಮದ್ದು ಇಡೀ ಟ್ಯಾಂಕಿಗೆ ಏಕೆ?

ಬೆಂಗಳೂರಿನ ನಾಗರಬಾವಿಯ ಯಾವುದೋ ಮನೆಯಲ್ಲಿ ಮೊದಲ ಸಲ ಅಕ್ವೇರಿಯಂ ಇಟ್ಟಿರುವ ಮಗುವಿಗೆ ಆಶೀರ್ವಾದಗಳು.

ನಿನ್ನ ಟ್ಯಾಂಕಿನ ಏಳೆಂಟು ಮೀನುಗಳಲ್ಲಿ ಒಂದು ಮೂಲೆ ಹಿಡಿದಿದೆ, ರೆಕ್ಕೆ ಮುದುಡಿಕೊಂಡಿದೆ, ಹಾಕಿದ ಕಾಳಿನ ಕಡೆ ತಿರುಗಿಯೂ ನೋಡುತ್ತಿಲ್ಲ ಎಂದಿಟ್ಟುಕೋ. ಆ ಹೊತ್ತಿಗೆ ಕೈ ತಾನಾಗಿ ಹೋಗುವುದು ಅಂಗಡಿಯಲ್ಲಿ ಕೊಟ್ಟ ನೀಲಿ ಔಷಧಿಯ ಬಾಟಲಿಯ ಕಡೆಗೆ. ಪ್ರೀತಿಯಿಂದಲೇ ಹೋಗುತ್ತದೆ. ಆದರೂ ಆ ಕೈಯನ್ನು ಸ್ವಲ್ಪ ತಡೆ ಎಂದು ಹೇಳಲು ಈ ಕಾಗದ ಬರೆಯುತ್ತಿದ್ದೇನೆ. ಮನೆಯಲ್ಲಿ ಒಬ್ಬರಿಗೆ ಜ್ವರ ಬಂದರೆ ಮಾತ್ರೆ ಅವರೊಬ್ಬರ ಹೊಟ್ಟೆಗೆ ಹೋಗುತ್ತದೆ. ಟ್ಯಾಂಕಿನಲ್ಲಿ ಹಾಗೆ ಸಾಧ್ಯವಿಲ್ಲ. ನೀರಿಗೆ ಬಿದ್ದ ಹನಿ ಆರೋಗ್ಯವಾಗಿರುವ ಮೀನುಗಳ ಕಿವಿರನ್ನೂ ಹಾಯುತ್ತದೆ, ಗಿಡಕ್ಕೂ ಬಸವನಹುಳುವಿಗೂ ತಗಲುತ್ತದೆ, ಫಿಲ್ಟರಿನ ಸ್ಪಂಜಿನಲ್ಲಿ ನೆಲೆಸಿರುವ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾವನ್ನೂ ಬಿಡುವುದಿಲ್ಲ. ಹಾಗಾಗಿ ಮೊದಲು ನೀರನ್ನು ಪರೀಕ್ಷಿಸು, ಆಮೇಲೆ ಮೀನನ್ನು ಗಮನಿಸು, ಮದ್ದನ್ನು ಕೊನೆಗೆ ಇಟ್ಟುಕೋ ಎನ್ನುತ್ತೇನೆ.

ಆ ಬ್ಯಾಕ್ಟೀರಿಯಾದ ಮಾತು ಸಣ್ಣದಲ್ಲ. ಮೀನಿನ ಕಿವಿರಿನಿಂದ, ಹಿಕ್ಕೆಯಿಂದ, ತಿನ್ನದೆ ಉಳಿದು ಕೊಳೆತ ಕಾಳಿನಿಂದ ದಿನವೂ ಅಮೋನಿಯಾ ಹುಟ್ಟುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ಅದನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುತ್ತದೆ. ಹೊಸ ಟ್ಯಾಂಕಿನಲ್ಲಿ ಇವು ನೆಲೆಯೂರಲು ನಾಲ್ಕರಿಂದ ಆರು ವಾರ ಹಿಡಿಯುವುದುಂಟು. ಮಿಥಿಲೀನ್ ಬ್ಲೂವಾಗಲಿ ಆಂಟಿಬಯಾಟಿಕ್ ಆಗಲಿ ಟ್ಯಾಂಕಿಗೆ ಸುರಿದರೆ ಇವು ನಾಶವಾಗಬಹುದು. ಆಗ ಅಮೋನಿಯಾ ಏರಿ, ನಿನ್ನೆಯವರೆಗೆ ಚೆನ್ನಾಗಿದ್ದ ಮೀನುಗಳೂ ಮೇಲಕ್ಕೆ ಬಂದು ಬಾಯಿ ಬಿಡುತ್ತವೆ. ನೋಡುವವರಿಗೆ ಕಾಯಿಲೆ ಹರಡಿತು ಎನ್ನಿಸುತ್ತದೆ, ಇನ್ನೊಂದು ಡೋಸ್ ಬೀಳುತ್ತದೆ.

ಮೀನು ಮಂಕಾಗಲು ನಮ್ಮ ಕಡೆ ಇನ್ನೊಂದು ಕಾರಣವೂ ಸೇರುತ್ತದೆ. ಇಲ್ಲಿನ ಎಷ್ಟೋ ಮನೆಗಳ ಸಂಪಿಗೆ ಒಂದು ದಿನ ಕಾವೇರಿ ನೀರು ಬೀಳುತ್ತದೆ, ಇನ್ನೊಂದು ದಿನ ಬೋರ್‌ವೆಲ್ ನೀರು, ಬೇಸಿಗೆ ಬಿಗಿಯಾದರೆ ಟ್ಯಾಂಕರ್ ನೀರು. 2024ರ ಬೇಸಿಗೆಯ ನೀರಿನ ಬರವನ್ನು ಬೆಂಗಳೂರಿನವರು ಮರೆತಿರಲಾರರು. ತೊರೆಕಾಡನಹಳ್ಳಿಯಲ್ಲಿ ಶುದ್ಧಗೊಂಡು ಬರುವ ಕಾವೇರಿಯಲ್ಲಿ ಕ್ಲೋರಿನ್ ಇರುತ್ತದೆ. ಅದು ಕಿವಿರನ್ನು ಸುಡುತ್ತದೆ, ಫಿಲ್ಟರಿನ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ಬೋರ್‌ವೆಲ್ ನೀರು ಗಡಸು. ಅಂಥ ನೀರಿನಲ್ಲಿ ಏರ್ ಪಂಪ್ ಓಡುತ್ತಿದ್ದರೆ ಪಿಎಚ್ 8ರ ಹತ್ತಿರ ಹೋಗುವುದು ಸಾಮಾನ್ಯ. ಪಿಎಚ್ 7ರಿಂದ 8ಕ್ಕೆ ಏರಿದರೆ ಅಷ್ಟೇ ಅಮೋನಿಯಾದಲ್ಲಿ ವಿಷದ ಪಾಲು ಹೆಚ್ಚುಕಡಿಮೆ ಹತ್ತು ಪಟ್ಟಾಗುತ್ತದೆ. ನೀರು ಬದಲಿಸಿದ ಮರುದಿನ ಮೀನು ಮಂಕಾದರೆ ರೋಗಾಣುವನ್ನು ಹುಡುಕುವ ಮುಂಚೆ ಆ ದಿನ ಸಂಪಿಗೆ ಬಂದದ್ದು ಯಾವ ನೀರು ಎಂದು ಕೇಳು.

ಪರೀಕ್ಷೆ ಮಾಡುತ್ತ ಕೂತರೆ ಮೀನು ಸತ್ತೇಹೋಗುತ್ತದಲ್ಲ ಎಂದು ನೀನು ಕೇಳಬಹುದು. ನ್ಯಾಯವಾದ ಆತಂಕ. ಆದರೆ ಹನಿ ಹಾಕಿ ಬಣ್ಣ ನೋಡುವ ಟೆಸ್ಟ್ ಕಿಟ್‌ಗೆ ಬೇಕಾಗುವುದು ಕೆಲವೇ ನಿಮಿಷ. ಆಂಟಿ ಕ್ಲೋರಿನ್ ಹಾಕಿ, ಟ್ಯಾಂಕಿನಷ್ಟೇ ಬಿಸಿಯಿರುವಂತೆ ನೋಡಿಕೊಂಡು, ಕಾಲು ಭಾಗ ನೀರು ಬದಲಿಸಿದರೆ ಬಹುತೇಕ ಯಾವ ಕಾಯಿಲೆಯಲ್ಲೂ ಕೆಡುಕಾಗುವುದಿಲ್ಲ, ಹಲವಕ್ಕೆ ಅದೇ ಅರ್ಧ ಚಿಕಿತ್ಸೆ. ಗೊತ್ತಿಲ್ಲದ ರೋಗಕ್ಕೆ ಹಾಕುವ ಮದ್ದಿನ ಬಗ್ಗೆ ಈ ಮಾತು ಹೇಳಲು ಬರುವುದಿಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಎಲ್ಲ ಮೀನೂ ಒಂದೇ ನೀರಿನಲ್ಲಿರುವಾಗ ರೋಗ ಆಗಲೇ ಎಲ್ಲಕ್ಕೂ ತಗಲಿರುತ್ತದೆ, ಒಂದನ್ನು ಬೇರೆ ಮಾಡಿ ಏನು ಫಲ? ವೈಟ್ ಸ್ಪಾಟ್ ರೋಗದ ವಿಷಯದಲ್ಲಿ ಇದನ್ನು ಒಪ್ಪಲೇಬೇಕು. ಮೈಮೇಲೆ ಉಪ್ಪಿನ ಹರಳು ಅಂಟಿದಂತೆ ಕಾಣುವ ಆ ಚುಕ್ಕಿಗಳಲ್ಲಿ ಒಂದು ಪರಾವಲಂಬಿ ಜೀವಿ ಚರ್ಮದ ಅಡಿಯಲ್ಲೇ ಬೆಳೆಯುತ್ತಿರುತ್ತದೆ. ಬಲಿತ ಮೇಲೆ ಉದುರಿ ತಳದ ಕಲ್ಲಿಗೋ ಗಿಡಕ್ಕೋ ಅಂಟಿಕೊಂಡು ನೂರಾರು ಮರಿಗಳಾಗಿ ಒಡೆಯುತ್ತದೆ. ಈಜುವ ಆ ಮರಿಗಳಿಗೆ ಸುಮಾರು ಎರಡು ದಿನದೊಳಗೆ ಮೀನು ಸಿಗಬೇಕು, ಇಲ್ಲದಿದ್ದರೆ ಸಾಯುತ್ತವೆ. ಮದ್ದಿಗೆ ಸಿಕ್ಕುವುದು ಈಜುವ ಹಂತ ಮಾತ್ರ. ಆದ್ದರಿಂದ ಇಲ್ಲಿ ಇಡೀ ಟ್ಯಾಂಕಿಗೇ ಚಿಕಿತ್ಸೆ ಬೇಕು. ಚುಕ್ಕಿ ಮಾಯವಾಯಿತೆಂದು ನಿಲ್ಲಿಸಲೂಬಾರದು, ಏಕೆಂದರೆ ಪರಾವಲಂಬಿ ಉದುರಿ ಹೆಚ್ಚುತ್ತಿರುವ ಹೊತ್ತೇ ಅದು. 25 ಡಿಗ್ರಿಯಲ್ಲಿ ಈ ಚಕ್ರ ವಾರದೊಳಗೆ ಮುಗಿಯುತ್ತದೆ. ನಮ್ಮ ಡಿಸೆಂಬರ್ ಚಳಿಗೆ ನೀರು ತಣ್ಣಗಾದರೆ ಇನ್ನೂ ಎಳೆಯುತ್ತದೆ, ಹೀಟರ್ ಇಲ್ಲದ ಟ್ಯಾಂಕಿನಲ್ಲಿ ಮದ್ದನ್ನೂ ಅಷ್ಟು ದಿನ ಮುಂದುವರಿಸಬೇಕು. ಔಷಧಿ ಹಾಕುವ ಮೊದಲು ಫಿಲ್ಟರಿನ ಇದ್ದಿಲನ್ನು ತೆಗೆದಿಡು, ಅದು ಮದ್ದನ್ನೇ ಹೀರಿಬಿಡುತ್ತದೆ. ತಾಮ್ರವಿರುವ ಔಷಧಿಯಾದರೆ ಬಸವನಹುಳು, ಸಿಗಡಿ ಉಳಿಯುವುದಿಲ್ಲ.

ಆದರೆ ಗಾಯ, ಕಚ್ಚಾಟದಲ್ಲಿ ಹರಿದು ಕೊಳೆಯುತ್ತಿರುವ ರೆಕ್ಕೆ, ಹೊಟ್ಟೆ ಊದಿ ಹುರುಪೆ ನಿಮಿರಿದ ಸ್ಥಿತಿ ಇವೆಲ್ಲ ಒಂದೊಂದು ಮೀನಿನ ಕಷ್ಟಗಳು. ಅಂಥ ಮೀನನ್ನು ಹೊರಗೆ ತಾ. ಪುಟ್ಟ ಮನೆಯಲ್ಲಿ ಎರಡನೇ ಟ್ಯಾಂಕಿಗೆ ಜಾಗವೆಲ್ಲಿ ಎಂದು ಚಿಂತಿಸಬೇಡ, ಸೋಪು ತಾಗದ ಹದಿನೈದಿಪ್ಪತ್ತು ಲೀಟರಿನ ಪ್ಲಾಸ್ಟಿಕ್ ಟಬ್ ಸಾಕು. ಅದರಲ್ಲಿ ಟ್ಯಾಂಕಿನದೇ ನೀರು, ಒಂದು ಏರ್ ಸ್ಟೋನ್, ಅವಿತುಕೊಳ್ಳಲು ಒಂದು ಮಡಕೆ ಚೂರು, ಮೇಲೆ ಗಾಳಿಯಾಡುವ ಮುಚ್ಚಳ ಇರಲಿ. ಲೀಟರಿಗೆ ಒಂದರಿಂದ ಮೂರು ಗ್ರಾಂ ಕಲ್ಲುಪ್ಪನ್ನು ಒಮ್ಮೆಗೇ ಹಾಕದೆ ಹಂತಹಂತವಾಗಿ ಕರಗಿಸು. ಗಪ್ಪಿ, ಮೋಲಿ ತಡೆದುಕೊಳ್ಳುತ್ತವೆ, ಟೆಟ್ರಾ ಆದರೆ ಕಡಿಮೆ ಇರಲಿ. ಟಬ್ಬಿನಲ್ಲಿ ಫಿಲ್ಟರ್ ಇಲ್ಲವಾದ್ದರಿಂದ ದಿನವೂ ಮೂರರಲ್ಲೊಂದು ಭಾಗ ನೀರು ಬದಲಿಸಬೇಕು, ಸೇರಿಸುವ ನೀರಿಗೆ ಅದರ ಪಾಲಿನ ಉಪ್ಪನ್ನೂ ಹಾಕಬೇಕು.

ಟೆಟ್ರಾಸೈಕ್ಲಿನ್ ಎಂಬ ಆಂಟಿಬಯಾಟಿಕ್‌ನ ಕ್ಯಾಪ್ಸೂಲ್ ಬಿಡಿಸಿ ನೀರಿಗೆ ಸುರಿಯುವ ರೂಢಿ ಬಹಳ ಕಡೆ ಇದೆ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಆ ಔಷಧಿಯನ್ನು ಹಿಡಿದಿಟ್ಟುಕೊಂಡು ಮೀನಿನ ಮೈಗೆ ಹೆಚ್ಚು ಸೇರದಂತೆ ಮಾಡುತ್ತವೆ. ಬೋರ್‌ವೆಲ್ ನೀರಿನ ಮನೆಗಳಲ್ಲಂತೂ ಅದು ಹೆಚ್ಚುಕಡಿಮೆ ವ್ಯರ್ಥ. ವ್ಯರ್ಥವಾದದ್ದು ಮೋರಿಗೆ ಹೋಗುತ್ತದೆ. ನಮ್ಮ ಕಡೆಯ ಮೋರಿ ನೀರಿನ ದಾರಿ ವೃಷಭಾವತಿ, ಬೈರಮಂಗಲದ ಕೆರೆ, ಅರ್ಕಾವತಿ, ಕೊನೆಗೆ ಕಾವೇರಿ. ಬೈರಮಂಗಲದ ನೀರಿನಲ್ಲಿ ರೈತರು ಬೆಳೆ ಬೆಳೆಯುತ್ತಾರೆ. ಹೀಗೆ ಹರಿದ ಆಂಟಿಬಯಾಟಿಕ್‌ನಿಂದ ಹುಟ್ಟುವ, ಮದ್ದಿಗೆ ಬಗ್ಗದ ರೋಗಾಣುಗಳನ್ನು ಅವರ ಗದ್ದೆಗೆ ಕಳಿಸುವ ಹಕ್ಕು ನಮಗಿಲ್ಲ. ಗುಣವಾಗದ ಮೀನನ್ನು ಮಲ್ಲತ್ತಹಳ್ಳಿ ಕೆರೆಗೆ ಬಿಟ್ಟು ಪುಣ್ಯ ಕಟ್ಟಿಕೊಳ್ಳುವ ಯೋಚನೆಯೂ ಬೇಡ.

ಇಷ್ಟೆಲ್ಲ ಯಾಕೆ, ಅಂಗಡಿಯಲ್ಲಿ ಹೊಸ ಮೀನು ಕೆಲವೇ ರೂಪಾಯಿಗೆ ಸಿಗುತ್ತದಲ್ಲ ಎಂದು ಮನೆಯ ಯಾರಾದರೂ ಹೇಳಿಯೇ ಹೇಳುತ್ತಾರೆ. ನೀರು ಸರಿಹೋಗದ ಟ್ಯಾಂಕಿಗೆ ಬಂದ ಹೊಸ ಮೀನೂ ಅದೇ ಮೂಲೆ ಹಿಡಿಯುತ್ತದೆ, ಜೊತೆಗೆ ಅಂಗಡಿಯ ರೋಗವನ್ನೂ ತಂದಿರಬಹುದು. ಅದಕ್ಕಿಂತ ದೊಡ್ಡ ಮಾತು ಬೇರೆ ಇದೆ. ಆ ಗಾಜಿನೊಳಗೆ ಅವುಗಳನ್ನು ತಂದಿಟ್ಟವರು ನಾವು. ನೀರು ಹಿಡಿಸದಿದ್ದರೆ ಬೇರೆಡೆಗೆ ಹೋಗುವ ದಾರಿ ಅವಕ್ಕಿಲ್ಲ. ಬೆಲೆ ಕಡಿಮೆಯಾದ ಮಾತ್ರಕ್ಕೆ ಆ ಹೊಣೆ ಕಡಿಮೆಯಾಗದು.

ಟಬ್ಬಿನ ಮೀನು ಮೇಯಲು ಶುರು ಮಾಡಿದ ಮೇಲೂ ಒಂದು ವಾರ ಅಲ್ಲೇ ಇರಲಿ. ಉಪ್ಪನ್ನು ನಿಧಾನವಾಗಿ ಇಳಿಸುತ್ತ ಬಂದು, ಟ್ಯಾಂಕಿನ ಅಮೋನಿಯಾ ಸೊನ್ನೆ ತೋರಿಸಿದ ದಿನ ಒಳಗೆ ಬಿಡು. ಟಬ್ಬಿಗೆ ಬಳಸಿದ ಬಲೆಯನ್ನು ಒಣಗಿಸದೆ ಟ್ಯಾಂಕಿಗೆ ಅದ್ದಬೇಡ, ಕೈಯಲ್ಲಿ ಗಾಯವಿದ್ದರೆ ಎರಡಕ್ಕೂ ಕೈ ಹಾಕಬೇಡ.

ಇಂತಿ,
ನಿನ್ನ ಹಿತ ಬಯಸುವ ಹಿರಿಯ