ಮುತ್ತಜ್ಜನ ಹೆಸರು ಹುಡುಕುವವರಿಗೆ ಕಿವಿಮಾತು

ಮನೆತನದ ಹಳೆಯ ಕಾಗದಗಳ ಗಂಟು ಹಿಡಿದು ನನ್ನಲ್ಲಿಗೆ ಬರುವ ಹುಡುಗ ಹುಡುಗಿಯರು ಹೇಳುವ ಮಾತು ಒಂದೇ: "ಕಾಕಾ, ಅಜ್ಜನವರೆಗೆ ಸಿಕ್ಕಿತು, ಮುತ್ತಜ್ಜನ ಹೆಸರು ಮಾತ್ರ ಎಲ್ಲೂ ಇಲ್ಲ." ಬಹಳ ಸಲ ಹೆಸರು ಅಲ್ಲೇ ಇರುತ್ತದೆ, ನಮಗೆ ಗುರುತು ಹತ್ತುವುದಿಲ್ಲ. ತನ್ನ ಹೆಸರನ್ನು ದಫ್ತರದಲ್ಲಿ ಬರೆದವನು ಮುತ್ತಜ್ಜನಲ್ಲವಲ್ಲ. ಬರೆದವರು ಶಾನಭೋಗರು, ಕುಲಕರ್ಣಿಗಳು, ಮುನ್ಷಿಗಳು, ಶಾಲೆಯ ಮಾಸ್ತರರು. ಅವರವರ ಕಿವಿಗೆ ಬಿದ್ದಂತೆ, ಅವರವರ ಲಿಪಿಗೆ ಒಗ್ಗಿದಂತೆ ಬರೆದರು. ಇಂಥ ಕಾಗದಗಳನ್ನು ಓದುತ್ತ ಕಲಿತದ್ದನ್ನು ಇಲ್ಲಿ ಹೇಳುತ್ತೇನೆ. ಉತ್ತರ ಕರ್ನಾಟಕದ ದಾಖಲೆಗಳೇ ನನಗೆ ಹೆಚ್ಚು ಪರಿಚಿತ, ಅವುಗಳ ಮಾತೇ ಹೆಚ್ಚು ಬಂದೀತು.

• ನಿಮ್ಮ ಊರು ಆಗ ಯಾರ ಆಳ್ವಿಕೆಯಲ್ಲಿತ್ತು ಎಂಬುದನ್ನು ಮೊದಲು ತಿಳಿದುಕೊಳ್ಳಿ. 1956ಕ್ಕೆ ಮುಂಚೆ ಧಾರವಾಡ, ಬೆಳಗಾವಿ, ವಿಜಾಪುರ ಮುಂಬಯಿ ಕಡೆಗಿದ್ದವು. ಬೀದರ, ಗುಲಬರ್ಗಾ, ರಾಯಚೂರು 1948ರವರೆಗೆ ನಿಜಾಮನ ಕೈಯಲ್ಲಿದ್ದವು. ಬಳ್ಳಾರಿ 1953ರವರೆಗೆ ಮದ್ರಾಸಿಗೆ ಸೇರಿತ್ತು. ಉತ್ತರ ಕನ್ನಡವಂತೂ 1862ರಲ್ಲಿ ಮದ್ರಾಸಿನಿಂದ ಮುಂಬಯಿಗೆ ಹೋಯಿತು. ಹಳೆಯ ಕಾಗದಗಳು ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ಸಿಗದಿದ್ದರೆ ಚೆನ್ನೈ, ಮುಂಬಯಿ, ಹೈದರಾಬಾದಿನ ಪತ್ರಾಗಾರಗಳಲ್ಲಿ ಇರಬಹುದು. ಪೇಶ್ವೆಯರ ಕಾಲದ್ದಾದರೆ, ಅಂದರೆ 1818ಕ್ಕೆ ಹಿಂದಿನದಾದರೆ, ಪುಣೆಯ ಪೇಶ್ವೆ ದಫ್ತರವನ್ನು ಮರೆಯಬೇಡಿ.

• ಆಮೇಲೆ ಕೇಳಬೇಕಾದ ಪ್ರಶ್ನೆ, ಯಾವ ಲಿಪಿ? ತಪ್ಪೆಂದು ನಾವು ತಿಳಿಯುವ ಬಹುಪಾಲು ರೂಪಗಳಿಗೆ ಲಿಪಿಯಲ್ಲೇ ಕಾರಣ ಸಿಗುತ್ತದೆ. ಮರಾಠಿ ಬರೆಯುತ್ತಿದ್ದ ಮೋಡಿ ಲಿಪಿಯಲ್ಲಿ ಇಕಾರ ಉಕಾರಗಳ ಹ್ರಸ್ವ ದೀರ್ಘ ನೋಡುವುದಿಲ್ಲ, ಪದಗಳ ನಡುವೆ ಜಾಗವನ್ನೂ ಬಿಡುವುದಿಲ್ಲ. ಹೀಗಾಗಿ ಒಬ್ಬನ ಹೆಸರಿನ ಬಾಲ ಇನ್ನೊಬ್ಬನ ಹೆಸರಿನ ತಲೆಗೆ ಅಂಟಿಕೊಂಡಿರುತ್ತದೆ. ನಮ್ಮ ವೆಂಕಪ್ಪ ಮರಾಠಿ ಕೈಯಲ್ಲಿ ವ್ಯಂಕಪ್ಪನಾಗುತ್ತಾನೆ, ಹನುಮಂತ ಹಣಮಂತನಾಗುತ್ತಾನೆ. ಉರ್ದುವಿನಲ್ಲಿ ಣ, ಳ ಇಲ್ಲವೇ ಇಲ್ಲ. ಪದದ ಮೊದಲಲ್ಲಿ ಬ, ಪ, ತ, ನ ನಾಲ್ಕಕ್ಕೂ ಒಂದೇ ಹಲ್ಲಿನ ಆಕಾರ, ಚುಕ್ಕೆಯಲ್ಲಷ್ಟೇ ಭೇದ. ಅವಸರದ ಶಿಕಸ್ತಾ ಬರವಣಿಗೆಯಲ್ಲಿ ಆ ಚುಕ್ಕೆಗಳನ್ನೂ ಬಿಟ್ಟುಬಿಡುತ್ತಿದ್ದರು. ಹಾಗಾಗಿ ಬಸಪ್ಪನನ್ನು ಹುಡುಕುವವರು ತ, ನ, ಪ ಎಂದು ಓದಿರುವ ಹೆಸರುಗಳನ್ನೂ ಒಮ್ಮೆ ನೋಡಲೇಬೇಕು. ಇಂಗ್ಲಿಷರದು ಬೇರೆ ಪಾಡು. ಅಕಾರ ಬರೆಯಲು ಅವರು 'ಯು' ಅಕ್ಷರ ಹಾಕುತ್ತಿದ್ದರು. ಅದನ್ನು ಮುಂದೆ ಕನ್ನಡಕ್ಕೆ ಇಳಿಸಿದ ಗುಮಾಸ್ತ ಬಸಪ್ಪನನ್ನು ಬುಸಪ್ಪ ಮಾಡಿಟ್ಟ. ಕಲ್ಲಪ್ಪ, ಕಾಳಪ್ಪ ಇಬ್ಬರೂ ಆ ಲಿಪಿಯಲ್ಲಿ ಹೆಚ್ಚುಕಡಿಮೆ ಒಂದೇ.

• ಹುಡುಕಲು ಹೊರಡುವ ಮುನ್ನ ಒಂದು ಹಾಳೆಯಲ್ಲಿ ಆ ಹೆಸರಿನ ಎಲ್ಲ ರೂಪಗಳನ್ನೂ ಬರೆದುಕೊಳ್ಳಿ. ಲಕ್ಷ್ಮಣ, ಲಕುಮಣ್ಣ, ಲಚ್ಚಪ್ಪ, ಲಕ್ಕಪ್ಪ. ಯಲ್ಲಪ್ಪ, ಎಲ್ಲಪ್ಪ. ಕೃಷ್ಣ, ಕ್ರಿಷ್ಟಪ್ಪ, ಕಿಟ್ಟಪ್ಪ. ಮನೆಯಲ್ಲಿ ಕರೆಯುವ ಹೆಸರನ್ನೂ ಸೇರಿಸಿ. ಮಕ್ಕಳು ಉಳಿಯದ ಮನೆಯಲ್ಲಿ ಹುಟ್ಟಿದ ಕೂಸಿಗೆ ತಿಪ್ಪಣ್ಣ, ಗುಂಡಪ್ಪ ಎಂದು ಹೆಸರಿಡುತ್ತಿದ್ದರು. ತೊಟ್ಟಿಲ ಹೆಸರು ಒಂದಾದರೆ ಬಳಕೆಯ ಹೆಸರು ಇನ್ನೊಂದು. ಪತ್ರದಲ್ಲಿ 'ಯಾನೆ' ಅಥವಾ 'ಉರ್ಫ್' ಕಂಡರೆ ಅಲ್ಲಿ ನಿಲ್ಲಿ, ಎರಡು ಹೆಸರಿನ ಗಂಟು ಅಲ್ಲೇ ಬಿಚ್ಚುತ್ತದೆ.

• ಗೌರವದ ಬಾಲವನ್ನು ಕತ್ತರಿಸಿ ನೋಡಿ. ಒಂದೇ ಮನುಷ್ಯ ತನ್ನ ಕೇರಿಯ ಕಾಗದದಲ್ಲಿ ಬಸಪ್ಪ, ಚಾವಡಿಯ ಕಾಗದದಲ್ಲಿ ಬಸ್ಯಾ. ಬಡವರ, ಅದರಲ್ಲೂ ದಲಿತರ ಹೆಸರಿಗೆ 'ಅಪ್ಪ' ಹಚ್ಚಲು ಬರೆಯುವವರ ಕೈ ಬರುತ್ತಿರಲಿಲ್ಲ. ಇದನ್ನು ಓದುವಾಗ ಈಗಲೂ ನನಗೆ ಸಂಕಟವಾಗುತ್ತದೆ. ಅವರ ಮೊಮ್ಮಕ್ಕಳು ಅಪ್ಪ ಸೇರಿಸಿ ಹುಡುಕುತ್ತಾರೆ, ಸಿಗುವುದಿಲ್ಲ. ನೀವು ಆ ಮನೆಯವರಾಗಿದ್ದರೆ ದಫ್ತರದಲ್ಲಿ ಬರಿ ಹೆಸರು ಹುಡುಕಿ, ನಿಮ್ಮ ವಂಶಾವಳಿ ಬರೆಯುವಾಗ ಮಾತ್ರ ಅಪ್ಪ ಸೇರಿಸಿಯೇ ಬರೆಯಿರಿ.

• ಇದೆಲ್ಲ ಮಾಡಿಯೂ ಸಿಗದಿದ್ದರೆ ಹೆಸರನ್ನು ಬಿಡಿ, ಹೊಲವನ್ನು ಹಿಡಿಯಿರಿ. ನಾನು ಎಲ್ಲಕ್ಕಿಂತ ಹೆಚ್ಚು ನಂಬುವ ದಾರಿ ಇದು. ಹೆಸರು ಬರೆಯುವವನ ಕಿವಿಯಂತೆ ಬದಲಾಗುತ್ತದೆ, ಹೊಲ ಇದ್ದಲ್ಲೇ ಇರುತ್ತದೆ. ಉಪನೋಂದಣಿ ಕಚೇರಿಯಲ್ಲಿ ಎರಡು ಸೂಚಿಗಳಿರುತ್ತವೆ, ಒಂದು ಹೆಸರಿನದು, ಇನ್ನೊಂದು ಆಸ್ತಿಯದು. ಎಲ್ಲರೂ ಮೊದಲನೆಯದನ್ನು ನೋಡಿ ವಾಪಸು ಬರುತ್ತಾರೆ. ಎರಡನೆಯದನ್ನು ಕೇಳಿ, ಊರು ಮತ್ತು ಸರ್ವೆ ನಂಬರು ಹೇಳಿ. ಹೊಲ ಪೋಡಿಯಾಗಿ, ಅಂದರೆ ಭಾಗವಾಗಿ, ಹಿಸ್ಸಾ ನಂಬರು ಬಂದಿದ್ದರೆ ಮೂಲ ನಂಬರನ್ನೂ ಕೊಡಿ.

ಇನ್ನು ಚಕ್ಕುಬಂದಿ, ಅಂದರೆ ಹೊಲದ ನಾಲ್ಕು ದಿಕ್ಕಿನ ಗಡಿಗಳ ವಿವರ. ಹಳೆಯ ಕ್ರಯಪತ್ರವನ್ನು ಕೈಗೆತ್ತಿಕೊಂಡರೆ ನಾನು ಮೊದಲು ಓದುವುದು ಅದನ್ನೇ. "ಪೂರ್ವಕ್ಕೆ ಇಂಥವನ ಹೊಲ, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಬಂಡಿದಾರಿ, ದಕ್ಷಿಣಕ್ಕೆ ಇಂಥವನ ಹೊಲ" ಎಂದು ಇರುತ್ತದೆ. ನಿಮ್ಮ ಮುತ್ತಜ್ಜ ತನ್ನ ಹೊಲವನ್ನು ಎಂದೂ ಮಾರಿರದಿದ್ದರೆ ಅವನ ಹೆಸರಿನ ಪತ್ರವೇ ಹುಟ್ಟಿರುವುದಿಲ್ಲ. ಆದರೆ ಪಕ್ಕದ ಹೊಲದವರು ಮಾರಿದಾಗ ಅವನು ಪೂರ್ವದ ಗಡಿಯಾಗಿ ಅಲ್ಲಿ ಬಂದಿರುತ್ತಾನೆ. ಆಚೆ ಹೊಲದವರ ಪತ್ರದಲ್ಲಿ ಪಶ್ಚಿಮದ ಗಡಿಯಾಗಿಯೂ ಇರುತ್ತಾನೆ. ಒಂದರಲ್ಲಿ ಹಣಮಪ್ಪ, ಇನ್ನೊಂದರಲ್ಲಿ ಹನುಮಂತಪ್ಪ ಎಂದಿರಲಿ, ಹಳ್ಳ ಅದೇ, ಬಂಡಿದಾರಿ ಅದೇ ಆದರೆ ಮನುಷ್ಯನೂ ಅವನೇ ಎನ್ನಲು ಗಟ್ಟಿ ಆಧಾರ ಸಿಕ್ಕಿತು. ಪತ್ರದ ಕೊನೆಗೂ ಹೋಗಿ. ಸಾಕ್ಷಿ ಹಾಕಿದವರಲ್ಲಿ ಸೋದರಮಾವಂದಿರು, ದಾಯಾದಿಗಳು ಇರುತ್ತಾರೆ. ಬಿಕ್ಕಲಂ ಎಂದು ಬರೆದವನ ಹೆಸರೂ ಇರುತ್ತದೆ. ಒಬ್ಬನೇ ಬರೆದ ನಾಲ್ಕಾರು ಪತ್ರ ನೋಡಿದರೆ ಅವನ ಕೈಯ ಅಭ್ಯಾಸ ತಿಳಿಯುತ್ತದೆ. ಹೆಬ್ಬೆಟ್ಟು ಒತ್ತುವ ಬದಲು ನಿಮ್ಮ ಹಿರಿಯ ರುಜು ಮಾಡಿದ್ದನೋ, ಬೇರೆ ಎಲ್ಲ ರೂಪಗಳಿಗಿಂತ ಆ ರುಜುವಿನಲ್ಲಿರುವ ರೂಪವೇ ಮೇಲು.

• ವಾರಸಾ ನೋಂದ ಹುಡುಕಿ. ಮುಂಬಯಿ ಪ್ರಾಂತದಲ್ಲಿ 1903ರ ಕಾಯಿದೆಯ ನಂತರ ಹಕ್ಕುದಾಖಲೆ ಬಂತು. ಅಲ್ಲಿಂದೀಚೆ ಖಾತೆದಾರ ತೀರಿಕೊಂಡಾಗ ವಾರಸುದಾರರ ಹೆಸರು ಮ್ಯುಟೇಶನ್ ರಿಜಿಸ್ಟರಿನಲ್ಲಿ ಏರುತ್ತದೆ. ಸಣ್ಣ ಮಕ್ಕಳಿದ್ದರೆ 'ಅ.ಪಾ.ಕ.' (ಅಪ್ರಾಪ್ತರ ಪಾಲಕರು ಎಂಬರ್ಥದಲ್ಲಿ) ಎಂದು ಬರೆದು ತಾಯಿಯ ಹೆಸರೂ ಹಾಕಿರುತ್ತಾರೆ. ಒಟ್ಟು ಕುಟುಂಬವಾದರೆ ಹಿರಿಯಣ್ಣನ ಹೆಸರೊಂದೇ ಇರುವುದುಂಟು. ಮುತ್ತಜ್ಜ ತಮ್ಮನಾಗಿದ್ದರೆ ಅಣ್ಣನ ಖಾತೆಯ ಬೆನ್ನು ಹತ್ತಿ.

• ಮುತ್ತಜ್ಜಿಯರನ್ನು ಹುಡುಕುವುದು ಇದಕ್ಕಿಂತ ಕಷ್ಟ, ಅದಕ್ಕೇ ಹೆಚ್ಚು ಮನಸ್ಸಿಟ್ಟು ಮಾಡಿ. ನಮ್ಮ ಕಡೆ ಮದುವೆಯಲ್ಲಿ ಹೆಸರನ್ನೇ ಬದಲಿಸುತ್ತಿದ್ದರು. ಗಂಡನ ಮನೆಯ ಕಾಗದದಲ್ಲಿ 'ನೀಲವ್ವ ಕೋಂ ಇಂಥವ', ಅಂದರೆ ಇಂಥವನ ಹೆಂಡತಿ ನೀಲವ್ವ, ಎಂದಿರುವವಳು ತವರಿನಲ್ಲಿ ಬೇರೆ ಹೆಸರಿನವಳು. ತವರಿನವರು ಅರಿಶಿನ ಕುಂಕುಮಕ್ಕೆಂದು ಹೊಲ ಕೊಟ್ಟಿದ್ದರೆ ಆ ಪತ್ರದಲ್ಲಿ ಎರಡೂ ಊರು ಒಟ್ಟಿಗೆ ಸಿಗುತ್ತವೆ.

• ಅಜ್ಜನ ಹೆಸರು ಮೊಮ್ಮಗನಿಗೆ ಇಡುವ ಪದ್ಧತಿ ನಮ್ಮದು. ಬಸಪ್ಪ ಬಿನ್ ಕಲ್ಲಪ್ಪ, ಕಲ್ಲಪ್ಪ ಬಿನ್ ಬಸಪ್ಪ ಎಂದು ನಾಲ್ಕು ತಲೆಮಾರು ಹೋಗುತ್ತದೆ. ವರ್ಷ ನೋಡದೆ ಓದಿದರೆ ಇಬ್ಬರು ಬಸಪ್ಪಂದಿರು ಒಬ್ಬರಾಗಿ ಎರಡು ತಲೆಮಾರು ಮಾಯವಾಗುತ್ತವೆ.

• ವರ್ಷದ ಲೆಕ್ಕ ಕಲಿಯಿರಿ. ಶಕಕ್ಕೆ 78, ಫಸಲಿಗೆ 590 ಕೂಡಿಸಿದರೆ ಇಸವಿ ಸುಮಾರಾಗಿ ಸಿಗುತ್ತದೆ. ಸಂವತ್ಸರದ ಹೆಸರೊಂದೇ ಇದ್ದರೆ ಎಚ್ಚರ: ವಿಕಾರಿ 1839ರಲ್ಲೂ ಬಂತು, 1899ರಲ್ಲೂ ಬಂತು, 1959ರಲ್ಲೂ ಬಂತು. ಹಿರಿಯರು "ಧಾತು ಈಶ್ವರದ ಬರದಲ್ಲಿ ಊರು ಬಿಟ್ಟರು" ಎಂದರೆ ಅದು 1876–77ರ ಮಾತು. ಆ ಬರಕ್ಕೆ ಊರು ಬಿಟ್ಟ ಮನೆತನದ ಹೆಸರು ಹಳೆಯ ಊರಿನಲ್ಲಿ ನಿಂತುಹೋಗಿ ಹೊಸ ಊರಿನಲ್ಲಿ, ಹೊಸ ಅಡ್ಡಹೆಸರಿನಲ್ಲಿ ಶುರುವಾಗಿರಬಹುದು.

• ಶಾಲೆಯ ದಾಖಲಾತಿ ರಿಜಿಸ್ಟರಿನಲ್ಲಿ ತಂದೆಯ ಹೆಸರು, ಕಸುಬು ನಂಬಿ. ಹುಟ್ಟಿದ ತಾರೀಕು ಬಹುಮಟ್ಟಿಗೆ ಮಾಸ್ತರರ ಅಂದಾಜು.

• ಹೆಳವರು ನಿಮ್ಮೂರಿಗೆ ಈಗಲೂ ಬರುತ್ತಿದ್ದರೆ ಅದು ದೊಡ್ಡ ಭಾಗ್ಯ. ಎತ್ತಿನ ಮೇಲೆ ಬಂದು ಮನೆಮನೆಯ ವಂಶ ಹೇಳುವವರು ಅವರು. ಅವರು ಹೇಳುವಾಗ ನಡುವೆ ಬಾಯಿ ಹಾಕಬೇಡಿ, ಪೂರ್ತಿ ಹೇಳಲಿ, ನಿಮ್ಮ ಮೊಬೈಲಿನಲ್ಲಿ ಧ್ವನಿ ಹಿಡಿದುಕೊಳ್ಳಿ. ಕಾಳು, ಬಟ್ಟೆ, ಹಣ ಏನು ಪದ್ಧತಿಯೋ ಅದನ್ನು ಕೈತುಂಬ ಕೊಡಿ.

• ನಕಲು ಮಾಡುವಾಗ ಇದ್ದದ್ದನ್ನು ಇದ್ದಂತೆ ಬರೆಯಿರಿ. ಬುಸಪ್ಪ ಎಂದಿದ್ದರೆ ಬುಸಪ್ಪನೇ ಇರಲಿ, ನಿಮ್ಮ ಊಹೆಯನ್ನು ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ ಬರೆಯಿರಿ. ಪುಸ್ತಕದ ಹೆಸರು, ಪುಟ, ಕಚೇರಿ, ನೋಡಿದ ದಿನ ಅದೇ ಹಾಳೆಯಲ್ಲಿರಲಿ. ಅಸಲು ಕಾಗದಕ್ಕೆ ಅಂಟು ಟೇಪು ಹಚ್ಚಬೇಡಿ, ಪ್ಲಾಸ್ಟಿಕ್ ಲ್ಯಾಮಿನೇಶನ್ ಅಂತೂ ಬೇಡವೇ ಬೇಡ. ಹತ್ತಿಬಟ್ಟೆಯಲ್ಲಿ ಸುತ್ತಿ ಒಣ ಜಾಗದಲ್ಲಿಡಿ, ನಕಲಿನ ಒಂದೊಂದು ಪ್ರತಿಯನ್ನು ಅಣ್ಣತಮ್ಮಂದಿರ ಮನೆಗೂ, ಮದುವೆಯಾಗಿ ಹೋದ ಅಕ್ಕತಂಗಿಯರ ಮನೆಗೂ ಕೊಟ್ಟುಬಿಡಿ.